ಹುಲ್ಲು, ಹೊಟ್ಟಿನಿಂದ ಚಳಿ ತಡೆಯುವ ಹಲಗೆ



ಸ್ವಸಹಾಯ ಸಂಘದ ಸಭೆಯಲ್ಲಿ ಅಕ್ಕನೊಬ್ಬರು ಕೇಳಿದರು: "ಸಿಸ್ಟರ್, ಹೊರದೇಶದಲ್ಲಿ ಹುಲ್ಲು, ಹೊಟ್ಟಿನಿಂದ ಥರ್ಮಾಕೋಲ್ ತರಹದ ಹಲಗೆ ಮಾಡ್ತಾರಂತೆ. ನಾವೂ ಸಾಲ ತೆಗೆದು ಶುರು ಮಾಡೋಣವೇ?" ಮೊದಲು ವಿಷಯ ತಿಳಿದುಕೊಳ್ಳೋಣ.

ಹಲಗೆ ಏಕೆ ಬೇಕು?
ನಾರ್ವೆ, ಸ್ವೀಡನ್‌ನಂಥ ದೇಶಗಳಲ್ಲಿ ಚಳಿಗಾಲಕ್ಕೆ ಮಣ್ಣಿನೊಳಗಿನ ನೀರೂ ಹೆಪ್ಪುಗಟ್ಟುತ್ತದೆ. ಮಂಜುಗಡ್ಡೆಯಾಗುವಾಗ ನೀರು ಸುಮಾರು ಶೇ. 9ರಷ್ಟು ಹಿಗ್ಗುತ್ತದೆ. ಕೆಳಗಿನ ತೇವವನ್ನೂ ಎಳೆದುಕೊಂಡು ಗಡ್ಡೆ ದಪ್ಪವಾದಂತೆ ನೆಲವೇ ಮೇಲೇಳುತ್ತದೆ, ಮನೆ ಬಿರುಕು ಬಿಡುತ್ತದೆ. ಅದಕ್ಕೇ ಅಡಿಪಾಯದ ಸುತ್ತ ಫೋಮ್ ಹಲಗೆ ಹೂಳುತ್ತಾರೆ. ಥರ್ಮಾಕೋಲ್‌ನಲ್ಲಿ ಸುಮಾರು ಶೇ. 98 ಭಾಗ ಬರೀ ಗಾಳಿ. ಅಲುಗಾಡದೆ ನಿಂತ ಆ ಗಾಳಿಯೇ ಚಳಿಗೆ ತಡೆ. ಆದರೆ ಅದು ಪೆಟ್ರೋಲಿಯಂನಿಂದ ಆದದ್ದು, ಮಣ್ಣಿನಲ್ಲಿ ಕರಗುವುದಿಲ್ಲ.

ಬೆಳೆ ತ್ಯಾಜ್ಯದ ಹಲಗೆ
ಅಮೆರಿಕದ ನ್ಯೂಯಾರ್ಕ್ ರಾಜ್ಯದಲ್ಲಿ 2007ರಲ್ಲಿ ಶುರುವಾದ ಇಕೋವೇಟಿವ್ ಎಂಬ ಕಂಪನಿ ಬೇರೆ ದಾರಿ ಹಿಡಿಯಿತು. ಜೋಳದ ದಂಟು, ಕಾಳಿನ ಹೊಟ್ಟನ್ನು ಅಚ್ಚಿನಲ್ಲಿ ತುಂಬಿ ಅಣಬೆಯ ಬೀಜ ಬೆರೆಸುತ್ತಾರೆ. ಕೆಲವೇ ದಿನಗಳಲ್ಲಿ ಬಿಳಿ ಬಲೆ ಹರಡಿ ಎಲ್ಲವನ್ನೂ ಅಂಟಿನಂತೆ ಕಟ್ಟುತ್ತದೆ. ಆಮೇಲೆ ಬಿಸಿಯಲ್ಲಿ ಒಣಗಿಸಿದರೆ ಅಣಬೆ ಬೆಳೆಯುವುದು ನಿಂತು ಹಗುರವಾದ ಹಲಗೆ ಸಿದ್ಧ. ಕೆಲಸ ಮುಗಿದ ಮೇಲೆ ಪುಡಿ ಮಾಡಿ ಗೊಬ್ಬರದ ಗುಂಡಿಗೆ ಹಾಕಬಹುದು.

ಇದರ ಶತ್ರು ನೀರು. ಒದ್ದೆಯಾದರೆ ಗಾಳಿಯಿದ್ದ ಜಾಗಕ್ಕೆ ನೀರು ಸೇರಿ ಚಳಿ ತಡೆಯುವ ಶಕ್ತಿ ಹೋಗುತ್ತದೆ, ಹಲಗೆ ಕೊಳೆಯುತ್ತದೆ. ಹಾಗಾಗಿ ಇದು ಒಣಗಿದ ಗೋಡೆಯೊಳಗೆ, ಸಾಮಾನು ಕಟ್ಟುವುದಕ್ಕೆ ಸರಿ. ಹಸಿ ಮಣ್ಣಿನಲ್ಲಿ ಹೂಳಲು ಆಗದು.

ನಾವೇನು ಮಾಡೋಣ?
ನಮ್ಮ ಕರಾವಳಿಯಲ್ಲಿ ನೆಲ ಹೆಪ್ಪುಗಟ್ಟುವುದಿಲ್ಲ, ಮಳೆಯೋ ಧಾರಾಳ. ಸಾಲದ ಅರ್ಜಿಗೆ ಸಹಿ ಹಾಕುವ ಮುಂಚೆ ಮೂರು ಪ್ರಶ್ನೆ ಕೇಳಿಕೊಳ್ಳೋಣ: ಇದನ್ನು ಕೊಳ್ಳುವವರು ಯಾರು? ಭಾರ, ಬೆಂಕಿ, ತೇವ ತಾಳುತ್ತದೆಂದು ಪರೀಕ್ಷಿಸಿ ಹೇಳುವವರು ಯಾರು? ಮಳೆಗಾಲದಲ್ಲಿ ಒಣಗಿಸುವುದು ಹೇಗೆ? ಮೂರಕ್ಕೂ ಉತ್ತರ ಸಿಗುವ ತನಕ ಸಾಲ ಬೇಡ ಎಂಬುದೇ ನಮ್ಮ ಸಲಹೆ.

ಆದರೆ ಈ ವಿದ್ಯೆಯ ಅರ್ಧ ಭಾಗ ನಮ್ಮ ಕೈಯಲ್ಲೇ ಇದೆ. ಭತ್ತದ ಹುಲ್ಲಿನಲ್ಲಿ ಚಿಪ್ಪು ಅಣಬೆ ಬೆಳೆಸುವಾಗ ಚೀಲದಲ್ಲಿ ಹರಡುವ ಬಿಳಿ ಬಲೆ ಇದೇ ತಾನೆ! ಅಣಬೆ ಊಟಕ್ಕೂ ಆಯಿತು, ಮಾರಾಟಕ್ಕೂ ಆಯಿತು. ಉಳಿದ ಹುಲ್ಲು ತೋಟಕ್ಕೆ ಗೊಬ್ಬರ. ಚಿಕ್ಕದಾಗಿ ಅಲ್ಲಿಂದಲೇ ಶುರು ಮಾಡೋಣ. ಹುಲ್ಲಿಗೆ ಬೆಂಕಿ ಮಾತ್ರ ಹಚ್ಚೋದು ಬೇಡ.