ಟಿಲ್ಲರ್ ಐಡ್ಲಿಂಗ್: ಸ್ಕ್ರೂ ಮುಟ್ಟುವ ಮುನ್ನ

ಅಕ್ಟೋಬರ್ ತಿಂಗಳ ನಾಲ್ಕನೆಯ ಸೋಮವಾರ ಬರುವ ಲೇಬರ್ ಡೇ ನ್ಯೂಜಿಲೆಂಡಿನಲ್ಲಿ ಟೊಮೆಟೊ ಸಸಿ ನೆಡುವ ಸಮಯವೆಂದೇ ರೂಢಿಯಾಗಿದೆ. ಅಷ್ಟರೊಳಗೆ ಹಿತ್ತಲಿನ ಮಣ್ಣು ಹದವಾಗಬೇಕು. ಆಕ್ಲೆಂಡಿನ ಜೇಡಿಮಣ್ಣನ್ನು ಗುದ್ದಲಿಯಿಂದ ಅಗೆದವರಿಗೆ ಅದರ ಕಷ್ಟ ಗೊತ್ತು. ವಾರವಿಡೀ ಕೀಬೋರ್ಡ್ ಕುಟ್ಟುವ ನಮ್ಮಂಥವರ ಕೈಗಳ ಪಾಡಂತೂ ಕೇಳುವುದೇ ಬೇಡ! ಹೀಗಾಗಿ ಮೆಂತ್ಯ, ಹರಿವೆ, ಹುರುಳಿಕಾಯಿ ಬೆಳೆಯುವ ನಮ್ಮವರಲ್ಲಿ ಎರಡು-ಮೂರು ಮನೆಯವರು ಸೇರಿ ಒಂದು ಹಳೆಯ ಟಿಲ್ಲರ್ ಕೊಂಡು ಸರದಿಯಂತೆ ಬಳಸುವುದುಂಟು. ಇಲ್ಲಿ ಅದಕ್ಕೆ ರೋಟರಿ ಹೋ ಎನ್ನುತ್ತಾರೆ. (ಇದರ ಮೂಲ ಪಕ್ಕದ ಆಸ್ಟ್ರೇಲಿಯಾ. ಆರ್ಥರ್ ಕ್ಲಿಫರ್ಡ್ ಹೊವಾರ್ಡ್ ಎಂಬಾತ 1912ರಲ್ಲಿ ನ್ಯೂ ಸೌತ್ ವೇಲ್ಸಿನ ಗಿಲ್ಗಾಂಡ್ರದಲ್ಲಿ ಇದರ ಪ್ರಯೋಗ ಶುರುಮಾಡಿದ.)

ಚಳಿಗಾಲವಿಡೀ ಗ್ಯಾರೇಜಿನ ಮೂಲೆಯಲ್ಲಿದ್ದ ಟಿಲ್ಲರ್ ಸೆಪ್ಟೆಂಬರಿನಲ್ಲಿ ಹೊರಬರುತ್ತದೆ. ಹತ್ತು ಸಲ ಹಗ್ಗ ಎಳೆದ ಮೇಲೆ ಸ್ಟಾರ್ಟ್ ಆಗುತ್ತದೆ, ಆಕ್ಸಿಲರೇಟರ್ ಇಳಿಸಿದೊಡನೆ ಆಫ್ ಆಗುತ್ತದೆ. ಆಗ ಯಾರಾದರೊಬ್ಬರು ಸ್ಕ್ರೂಡ್ರೈವರ್ ತಂದು, "ಐಡ್ಲಿಂಗ್ ಸ್ವಲ್ಪ ಜಾಸ್ತಿ ಮಾಡಿಬಿಡೋಣ" ಎನ್ನುತ್ತಾರೆ. ಸ್ಕ್ರೂ ಅರ್ಧ ಸುತ್ತು ತಿರುಗುತ್ತದೆ, ಎಂಜಿನ್ ನಿಲ್ಲದೆ ಓಡುತ್ತದೆ, ಎಲ್ಲರಿಗೂ ಸಮಾಧಾನ. ಆದರೆ ಆ ಅರ್ಧ ಸುತ್ತಿನ ಫಲವನ್ನು ಅನುಭವಿಸುವುದು ಮುಂದಿನ ವಾರ ಆ ಟಿಲ್ಲರ್ ಒಯ್ಯುವ ಮನೆಯವರ ಪಾದಗಳು. ಅದು ಹೇಗೆಂದು ನೋಡೋಣ.

ನಾಲ್ಕು ಸ್ಟ್ರೋಕಿನ ಒಂಟಿ ಸಿಲಿಂಡರ್ ಎಂಜಿನ್ನಿನಲ್ಲಿ ಎರಡು ಸುತ್ತಿಗೊಮ್ಮೆ ಮಾತ್ರ ಶಕ್ತಿ ಹುಟ್ಟುತ್ತದೆ. ಉಳಿದ ಮೂರು ಸ್ಟ್ರೋಕುಗಳನ್ನು ದಾಟಿಸುವುದು ಫ್ಲೈವೀಲ್‌ನಲ್ಲಿ ಕೂಡಿಟ್ಟ ಶಕ್ತಿ. ಈ ಶಕ್ತಿ ವೇಗದ ವರ್ಗಕ್ಕೆ ಅನುಗುಣವಾದುದು. ಅಂದರೆ ವೇಗ ಅರ್ಧಕ್ಕೆ ಇಳಿದರೆ ಶಕ್ತಿ ಕಾಲು ಭಾಗಕ್ಕೆ ಇಳಿಯುತ್ತದೆ, ಮುಂದಿನ ಕಂಪ್ರೆಷನ್ ದಾಟಲಾಗದೆ ಎಂಜಿನ್ ನಿಲ್ಲುತ್ತದೆ. ಇಂಥ ಬಹಳಷ್ಟು ಎಂಜಿನ್ನುಗಳಲ್ಲಿ ಆಯಿಲ್ ಪಂಪ್ ಇರುವುದಿಲ್ಲ, ತಿರುಗುವ ಭಾಗಗಳು ಎಣ್ಣೆಯನ್ನು ಎರಚುವುದರಿಂದಲೇ ಒಳಗೆಲ್ಲ ಎಣ್ಣೆ ತಲುಪುತ್ತದೆ. ವೇಗ ತೀರಾ ಕಡಿಮೆಯಾದರೆ ಅದಕ್ಕೂ ತೊಂದರೆ. ಆದ್ದರಿಂದ ಐಡ್ಲಿಂಗಿಗೆ ಒಂದು ಕೆಳಮಿತಿ ಬೇಕು. ಹೋಂಡಾ ಜಿಎಕ್ಸ್160 ಎಂಜಿನ್ನಿಗೆ ಅದು ನಿಮಿಷಕ್ಕೆ ಸುಮಾರು 1400 ಸುತ್ತು. ಅದೇ ಕಂಪನಿಯ ಪುಟ್ಟ ಜಿಎಕ್ಸ್25ಕ್ಕೆ ಸುಮಾರು 3100! ಆದ್ದರಿಂದ ಒಂದು ಯಂತ್ರದ ಅಂಕಿಯನ್ನು ಇನ್ನೊಂದಕ್ಕೆ ಹಚ್ಚಬಾರದು. ನಿಮ್ಮ ಎಂಜಿನ್ನಿನ ಕೈಪಿಡಿಯೇ ಪ್ರಮಾಣ.

ಇನ್ನು ಗವರ್ನರ್. ಇದು ನಮ್ಮ ಸಾಫ್ಟ್‌ವೇರಿನವರಿಗೂ ಪರಿಚಿತವಾದ ಫೀಡ್‌ಬ್ಯಾಕ್ ತತ್ವ. ಜೇಮ್ಸ್ ವಾಟ್ 1788ರಲ್ಲಿ ಉಗಿಯಂತ್ರಕ್ಕೆ ಅಳವಡಿಸಿದ್ದೂ ಇದನ್ನೇ, ಮ್ಯಾಕ್ಸ್‌ವೆಲ್ 1868ರಲ್ಲಿ ಗಣಿತದಿಂದ ವಿವರಿಸಿದ್ದೂ ಇದನ್ನೇ. ಸ್ಪ್ರಿಂಗ್ ಥ್ರಾಟಲನ್ನು ತೆರೆಯಲು ಎಳೆಯುತ್ತದೆ, ತಿರುಗುವ ತೂಕಗಳು ವೇಗ ಹೆಚ್ಚಿದಂತೆ ಅದನ್ನು ಮುಚ್ಚಲು ತಳ್ಳುತ್ತವೆ. ಉಳುವಾಗ ವೇಗ ನಿರ್ಧರಿಸುವುದು ಈ ಹಗ್ಗಜಗ್ಗಾಟ. ನೀವು ಲಿವರ್ ಪೂರ್ತಿ ಇಳಿಸಿದಾಗ ಸ್ಪ್ರಿಂಗ್ ಸಡಿಲಗೊಂಡು, ಥ್ರಾಟಲ್ ಹಿಂದಕ್ಕೆ ಬಂದು ಒಂದು ಸ್ಕ್ರೂವಿಗೆ ತಾಗಿ ನಿಲ್ಲುತ್ತದೆ. ಅದೇ ಐಡ್ಲಿಂಗ್ ಸ್ಕ್ರೂ. ಅದು ಬಾಗಿಲು ಪೂರ್ತಿ ಮುಚ್ಚದಂತೆ ಇಟ್ಟ ಕಲ್ಲು, ಅಷ್ಟೇ. ಎಂಜಿನ್ನಿನ ಯಾವ ಕಾಯಿಲೆಯನ್ನೂ ಅದು ವಾಸಿಮಾಡುವುದಿಲ್ಲ.

ಹಾಗಾದರೆ ಕಾಯಿಲೆ ಎಲ್ಲಿ? ಕಳೆದ ವರ್ಷ ಸರಿಯಾಗಿದ್ದ ಸ್ಕ್ರೂ ಗ್ಯಾರೇಜಿನಲ್ಲಿ ಕುಳಿತಲ್ಲೇ ತಾನಾಗಿ ತಿರುಗುವುದು ಅಪರೂಪ. ಬದಲಾಗುವುದು ಪೆಟ್ರೋಲು. ತಿಂಗಳುಗಟ್ಟಲೆ ಕಾರ್ಬ್ಯುರೇಟರಿನಲ್ಲಿ ನಿಂತ ಪೆಟ್ರೋಲು ಆವಿಯಾಗಿ ಅಂಟು ಉಳಿಯುತ್ತದೆ. ಎಥೆನಾಲ್ ಬೆರೆತದ್ದಾದರೆ ಅದು ತೇವಾಂಶವನ್ನೂ ಎಳೆದುಕೊಳ್ಳುತ್ತದೆ. ಐಡ್ಲಿಂಗಿಗೆ ಇಂಧನ ಕೊಡುವ ಪೈಲಟ್ ಜೆಟ್‌ನ ರಂಧ್ರ ಸೂಜಿಮೊನೆಗಿಂತ ಸಣ್ಣದು, ಮೊದಲು ಕಟ್ಟಿಕೊಳ್ಳುವುದು ಅದೇ. ಎಂಜಿನ್ "ವ್ರೂಂ... ವ್ರೂಂ..." ಎಂದು ಏರುತ್ತ ಇಳಿಯುತ್ತ ಉಸಿರೆಳೆಯುವಂತೆ ಓಡಿದರೆ ಹೆಚ್ಚಾಗಿ ಇದೇ ಕಾರಣ. ಇಂಧನ ಸಾಲದೆ ವೇಗ ಇಳಿಯುತ್ತದೆ, ಗವರ್ನರ್ ಥ್ರಾಟಲ್ ತೆರೆಯುತ್ತದೆ, ವೇಗ ಮಿತಿ ಮೀರಿ ಏರುತ್ತದೆ, ಮತ್ತೆ ಮುಚ್ಚುತ್ತದೆ. ಆಗ ಜೆಟ್ ಬಿಚ್ಚಿ, ಕಾರ್ಬ್ಯುರೇಟರ್ ಕ್ಲೀನರಿನಿಂದ ತೊಳೆದು, ಹೊಸ ಪೆಟ್ರೋಲು ಹಾಕಬೇಕು. ತಂತಿ ತೂರಿಸಿ ರಂಧ್ರ ದೊಡ್ಡದು ಮಾಡಬೇಡಿ. ಪಕ್ಕದಲ್ಲಿರುವ ಪೈಲಟ್ ಸ್ಕ್ರೂ ಬೇರೆಯದು, ಅದು ಮಿಶ್ರಣಕ್ಕೆ ಸಂಬಂಧಿಸಿದ್ದು. ಅದಕ್ಕೆ ಕಾರ್ಖಾನೆಯವರು ಪ್ಲಾಸ್ಟಿಕ್ ಟೋಪಿ ಹಾಕಿರುವುದು ನಾವು ಮುಟ್ಟದಿರಲೆಂದೇ.

ಏರ್ ಫಿಲ್ಟರ್, ಸ್ಪಾರ್ಕ್ ಪ್ಲಗ್, ಅರ್ಧ ಮುಚ್ಚಿ ಉಳಿದ ಚೋಕ್, ಇವನ್ನೂ ನೋಡಿ. ಆಮೇಲೆ ಹ್ಯಾಂಡಲಿನಿಂದ ಬರುವ ಥ್ರಾಟಲ್ ಕೇಬಲ್. ಅದು ತುಕ್ಕು ಹಿಡಿದು ಬಿಗಿದಿದ್ದರೆ ಲಿವರ್ ಇಳಿಸಿದರೂ ಥ್ರಾಟಲ್ ಆ ಸ್ಕ್ರೂವಿನವರೆಗೆ ಬರುವುದೇ ಇಲ್ಲ. ನೀವು ಎಷ್ಟು ತಿರುಗಿಸಿದರೂ ವೇಗ ಬದಲಾಗದು.

ಇಷ್ಟೆಲ್ಲ ಆದ ಮೇಲೆ ಸ್ಕ್ರೂ ಮುಟ್ಟಬಹುದು. ಟಿಲ್ಲರನ್ನು ಹೊರಗೆ, ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ. ಗ್ಯಾರೇಜಿನೊಳಗೆ ಬೇಡ, ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಗೇರ್ ನ್ಯೂಟ್ರಲ್‌ನಲ್ಲಿರಲಿ, ಮಕ್ಕಳು ದೂರವಿರಲಿ. ಏರ್ ಫಿಲ್ಟರ್ ಹಾಕಿಯೇ ಐದು-ಹತ್ತು ನಿಮಿಷ ಓಡಿಸಿ ಬಿಸಿಮಾಡಿ. ತಣ್ಣಗಿನ ಎಂಜಿನ್ನಿಗೆ ಹೊಂದಿಸಿದ ಐಡ್ಲಿಂಗ್ ಬಿಸಿಯಾದಾಗ ಏರಿಬಿಡುತ್ತದೆ. ಲಿವರ್ ಪೂರ್ತಿ ಇಳಿಸಿ, ಸ್ಕ್ರೂವನ್ನು ಕಾಲು ಸುತ್ತಿಗಿಂತ ಹೆಚ್ಚಿಲ್ಲದಂತೆ ತಿರುಗಿಸಿ, ಎಂಜಿನ್ ನೆಲೆಗೊಳ್ಳಲು ಬಿಡಿ. ಸಾಮಾನ್ಯವಾಗಿ ಬಲಕ್ಕೆ ತಿರುಗಿಸಿದರೆ ವೇಗ ಹೆಚ್ಚು.

ವೇಗ ಅಳೆಯುವುದು ಹೇಗೆ? ಪ್ಲಗ್ ವೈರಿಗೆ ಸುತ್ತುವ ಟ್ಯಾಕೋಮೀಟರ್ ಇದ್ದರೆ ಸುಲಭ. ಆದರೆ ಫ್ಲೈವೀಲ್ ಆಯಸ್ಕಾಂತದಿಂದ ಕಿಡಿ ಹುಟ್ಟುವ ಈ ಎಂಜಿನ್ನುಗಳಲ್ಲಿ ಪ್ರತಿ ಸುತ್ತಿಗೂ ಒಂದು ಕಿಡಿ ಹಾರುತ್ತದೆ, ಎರಡರಲ್ಲಿ ಒಂದು ವ್ಯರ್ಥ. ಮೀಟರನ್ನು ಎರಡು ಸುತ್ತಿಗೊಂದು ಕಿಡಿ ಎಂದು ಹೊಂದಿಸಿದರೆ 1400 ಇರುವಲ್ಲಿ 2800 ತೋರಿಸುತ್ತದೆ. ಮೀಟರ್ ಇಲ್ಲದವರಿಗೆ ಮೊಬೈಲ್ ಫೋನೇ ಸಾಕು. ಸೈಲೆನ್ಸರಿನ ಸದ್ದು ರೆಕಾರ್ಡ್ ಮಾಡಿ, ಅಲೆಯ ಚಿತ್ರ ತೋರಿಸುವ ಯಾವುದಾದರೂ ಆಪ್‌ನಲ್ಲಿ 3 ಸೆಕೆಂಡಿನ ಬಡಿತಗಳನ್ನು ಎಣಿಸಿ, 40ರಿಂದ ಗುಣಿಸಿ. 35 ಬಡಿತವಿದ್ದರೆ 1400 ಸುತ್ತು. ಕೊನೆಗೆ ಲಿವರನ್ನು ಒಮ್ಮೆ ಥಟ್ಟನೆ ಏರಿಸಿ ಇಳಿಸಿ. ತಡವರಿಸದೆ ಏರಿ, ಆಫ್ ಆಗದೆ ಅದೇ ವೇಗಕ್ಕೆ ಮರಳಬೇಕು.

ಮಲೆನಾಡು, ಮಂಡ್ಯ ಕಡೆಯವರು ಊರಿಗೆ ಫೋನ್ ಮಾಡಿ ಅಣ್ಣನ ಸಲಹೆ ಕೇಳುವುದು ಸಹಜ. ಆದರೆ ಅಣ್ಣನ ಅನುಭವ ಬಹುಶಃ ಡೀಸೆಲ್ ಟಿಲ್ಲರಿನದು. 1967ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ವಿಎಸ್‌ಟಿ ಕಂಪನಿ ಜಪಾನಿನ ಮಿತ್ಸುಬಿಷಿಯ ಸಹಯೋಗದಲ್ಲಿ ತಯಾರಿಸಿದ ಟಿಲ್ಲರುಗಳಲ್ಲಿ ಕಾರ್ಬ್ಯುರೇಟರೂ ಇಲ್ಲ, ಪೈಲಟ್ ಜೆಟ್ಟೂ ಇಲ್ಲ. ಅಲ್ಲಿ ಐಡ್ಲಿಂಗ್ ತೀರಾ ಇಳಿಸಿದರೆ ಹ್ಯಾಂಡಲ್ ಹಿಡಿದ ಕೈ ಜೋಮು ಹಿಡಿಯುವಷ್ಟು ನಡುಕ, ಅದಕ್ಕೇ "ಸ್ವಲ್ಪ ರೇಸ್ ಜಾಸ್ತಿ ಇಡು" ಎನ್ನುತ್ತಾನೆ. ಇಲ್ಲಿನ ಪೆಟ್ರೋಲ್ ಟಿಲ್ಲರಿಗೆ ಆ ಮಾತು ಹೊಂದುವುದಿಲ್ಲ. ಎರಡಕ್ಕೂ ಹೊಂದುವ ಮಾತು ಒಂದಿದೆ: ಗರಿಷ್ಠ ವೇಗದ ಸ್ಕ್ರೂ ಮುಟ್ಟಬೇಡಿ. ಮಿತಿಮೀರಿ ಓಡಿದ ಎಂಜಿನ್ನಿನ ಕನೆಕ್ಟಿಂಗ್ ರಾಡ್ ಮುರಿದು ಹೊರಬರಬಹುದು.

ಈಗ ಪಾದಗಳ ವಿಷಯ. ಅನೇಕ ಸಣ್ಣ ಟಿಲ್ಲರುಗಳಲ್ಲಿ ಸೆಂಟ್ರಿಫ್ಯೂಗಲ್ ಕ್ಲಚ್ ಇರುತ್ತದೆ. ಎಂಜಿನ್ ವೇಗ ಐಡ್ಲಿಂಗಿಗಿಂತ ಮೇಲೇರಿದಾಗ ಅದರ ಶೂಗಳು ಹೊರಕ್ಕೆ ಸರಿದು ಡ್ರಮ್ಮನ್ನು ಹಿಡಿದು ಬ್ಲೇಡುಗಳನ್ನು ತಿರುಗಿಸುತ್ತವೆ. ಐಡ್ಲಿಂಗನ್ನೇ ಏರಿಸಿಟ್ಟರೆ, ನೀವು ಲಿವರ್ ಬಿಟ್ಟರೂ ಬ್ಲೇಡುಗಳು ನಿಲ್ಲುವುದಿಲ್ಲ. ಕಲ್ಲು ಸಿಕ್ಕಿತೆಂದು ಬಗ್ಗಿ ನೋಡುವವರು, ಜಾಂಡಲ್ ಹಾಕಿಕೊಂಡು ಹಿಂದೆ ನಡೆಯುವವರು, ಯಂತ್ರ ನಿಂತಿದೆ ಎಂದೇ ನಂಬಿರುತ್ತಾರೆ. ಬೆಲ್ಟ್ ಕ್ಲಚ್ ಇರುವವುಗಳಲ್ಲೂ ಬೆಲ್ಟ್ ಬಿಗಿಯಾಗಿದ್ದರೆ ಇದೇ ಕತೆ. ಹೊಂದಿಸಿದ ಮೇಲೆ ಬ್ಲೇಡುಗಳು ನೆಲಕ್ಕೆ ತಾಗದಂತೆ ಟಿಲ್ಲರನ್ನು ಭದ್ರವಾಗಿ ಎತ್ತಿ ನಿಲ್ಲಿಸಿ, ದೂರದಿಂದ ನೋಡಿ: ಐಡ್ಲಿಂಗಿನಲ್ಲಿ ಬ್ಲೇಡು ಒಂದಿಷ್ಟೂ ಅಲುಗಬಾರದು. ಅಲುಗಿದರೆ ಆ ಯಂತ್ರವನ್ನು ಮುಂದಿನ ಮನೆಗೆ ಕಳಿಸಬೇಡಿ. ಬ್ಲೇಡಿಗೆ ಕೈ ಹಾಕುವ ಮುನ್ನ ಎಂಜಿನ್ ನಿಲ್ಲಿಸಿ, ಪ್ಲಗ್ ಕ್ಯಾಪ್ ಕಿತ್ತಿಡಿ.

ಹಂಚಿಕೊಂಡು ಬಳಸುವ ಟಿಲ್ಲರಿನ ಹ್ಯಾಂಡಲಿಗೆ ಒಂದು ತುಂಡು ಟೇಪ್ ಅಂಟಿಸಿ, ಐಡ್ಲಿಂಗ್ ವೇಗ ಎಷ್ಟು, ಯಾವ ತಾರೀಕು ಹೊಂದಿಸಿದ್ದು ಎಂದು ಬರೆಯಿರಿ. ಮೇ ತಿಂಗಳಲ್ಲಿ ಒಳಗಿಡುವಾಗ ಪೆಟ್ರೋಲ್ ಟ್ಯಾಪ್ ಮುಚ್ಚಿ, ಎಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಿ. ಕಾರ್ಬ್ಯುರೇಟರ್ ಒಣಗಿದ್ದರೆ ಸೆಪ್ಟೆಂಬರಿನಲ್ಲಿ ಸ್ಕ್ರೂಡ್ರೈವರ್ ಹುಡುಕುವ ಪ್ರಮೇಯ ಬಹುಮಟ್ಟಿಗೆ ಬರುವುದಿಲ್ಲ.