ಕೆಂಪು ಚುಕ್ಕಿಯ ಮೇಲಿನ ಅಪವಾದಗಳು

ಹೈದರಾಬಾದಿನ ಜೀಡಿಮೆಟ್ಲ, ಪಟಾನ್‌ಚೆರು ಕಡೆಯ ಔಷಧಿ ಕಾರ್ಖಾನೆಗಳಲ್ಲಿ ಬೆಲ್ಟಿನ ಮೇಲೆ ಸಾಗುವ ಬಾಟಲಿ, ಸ್ಟ್ರಿಪ್, ಕಾರ್ಟನ್ ಎಣಿಸಲು ಬೆಂಕಿಪೊಟ್ಟಣದಷ್ಟು ದೊಡ್ಡ ಫೋಟೋ ಸೆನ್ಸರ್ ಸಾಕು. ಬೀದರ್ ಕಡೆಯಿಂದ ಇಲ್ಲಿಗೆ ಮೆಂಟೆನೆನ್ಸ್ ಕೆಲಸಕ್ಕೆ ಬರುವ ಹುಡುಗರಿಗೆ ಅದನ್ನು ಮೊದಲು ‘ಯಂತ್ರದ ಕಣ್ಣು’ ಎಂದೇ ಪರಿಚಯಿಸುತ್ತಾರೆ. ಅರ್ಧ ಗೊಂದಲ ಅಲ್ಲೇ ಶುರು.

ತಪ್ಪು ಕಲ್ಪನೆ: ಎದುರಿಗೆ ಬಂದದ್ದೆಲ್ಲ ಅದಕ್ಕೆ ಕಾಣುತ್ತದೆ.
ವಾಸ್ತವ: ತಾನು ಬಿಟ್ಟ ಬೆಳಕು ಸಿಕ್ಕಿತೋ ಇಲ್ಲವೋ, ಅದಕ್ಕೆ ತಿಳಿಯುವುದು ಇಷ್ಟೇ. ಥ್ರೂ ಬೀಮ್ ಎಂಬ ಬಗೆಯಲ್ಲಿ ಬೆಳಕು ಬಿಡುವ ತಲೆ ಒಂದು ಕಡೆ, ಹಿಡಿಯುವ ತಲೆ ಎದುರು ಕಡೆ. ರೆಟ್ರೋ ಬಗೆಯಲ್ಲಿ ಎದುರಿಗೆ ಬರೀ ರಿಫ್ಲೆಕ್ಟರ್. ಇವೆರಡರಲ್ಲೂ ಕಿರಣ ತುಂಡಾದರೆ ವಸ್ತು ಬಂದಂತೆ. ಡಿಫ್ಯೂಸ್ ಬಗೆ ಹಾಗಲ್ಲ, ವಸ್ತುವಿನ ಮೈಯಿಂದ ಚೆದುರಿ ಬಂದ ಬೆಳಕೇ ಅದಕ್ಕೆ ಆಧಾರ. ಬಿಳಿ ಕಾರ್ಟನ್ನನ್ನು ದೂರದಿಂದಲೇ ಹಿಡಿಯುವ ಡಿಫ್ಯೂಸ್, ಕರಿ ರಬ್ಬರ್ ತನ್ನ ಮೂತಿಯ ಹತ್ತಿರ ಬಂದರೂ ಸುಮ್ಮನಿರಬಹುದು. ಕ್ಯಾಟಲಾಗಿನಲ್ಲಿರುವ ದೂರ ಸಾಮಾನ್ಯವಾಗಿ ಬಿಳಿ ಕಾಗದ ಹಿಡಿದು ಅಳೆದದ್ದು!

ತಪ್ಪು ಕಲ್ಪನೆ: ಹೊಳೆಯುವ ವಸ್ತುವನ್ನು ಹಿಡಿಯುವುದು ಸುಲಭ.
ವಾಸ್ತವ: ರೆಟ್ರೋ ಮುಂದೆ ಅಲ್ಯೂಮಿನಿಯಂ ಫಾಯಿಲ್ ತಾನೇ ರಿಫ್ಲೆಕ್ಟರ್ ವೇಷ ಹಾಕುತ್ತದೆ. ಬೆಳಕು ವಾಪಸಾಯಿತು, ಏನೂ ಬಂದಿಲ್ಲ ಎಂದು ಸೆನ್ಸರ್ ನಂಬುತ್ತದೆ. ಇದಕ್ಕೆ ಮದ್ದು ಧ್ರುವೀಕರಣದ ಫಿಲ್ಟರ್ ಇರುವ ಮಾದರಿ: ನಿಜವಾದ ರಿಫ್ಲೆಕ್ಟರ್ ಬೆಳಕಿನ ಕಂಪನದ ದಿಕ್ಕನ್ನು ತಿರುಗಿಸಿ ಕಳಿಸುತ್ತದೆ, ಫಾಯಿಲ್ ತಿರುಗಿಸುವುದಿಲ್ಲ. ಗಾಜಿನ ಬಾಟಲಿಯದು ಬೇರೆ ಕಾಟ. ಬೆಳಕು ಅದರೊಳಗಿಂದ ಹಾದುಹೋಗುವುದರಿಂದ ಅಲ್ಪಸ್ವಲ್ಪ ಇಳಿಕೆಯನ್ನೂ ಗುರುತಿಸುವ ಸೆನ್ಸರೇ ಬೇಕು.

ತಪ್ಪು ಕಲ್ಪನೆ: ಹಿಡಿಯದಿದ್ದರೆ ಸೆನ್ಸಿಟಿವಿಟಿ ಸ್ಕ್ರೂ ಪೂರ್ತಿ ತಿರುಗಿಸಿ.
ವಾಸ್ತವ: ಆಗ ಹಿಂದಿನ ಗಾರ್ಡ್ ರೈಲನ್ನೂ ಹಿಡಿಯುತ್ತದೆ. ಮೊದಲು ಲೆನ್ಸ್ ಒರೆಸಿ ನೋಡಿ.

ತಪ್ಪು ಕಲ್ಪನೆ: ಎಣಿಕೆ ತಪ್ಪಿದರೆ ಸೆನ್ಸರ್ ಕೆಟ್ಟಿದೆ.
ವಾಸ್ತವ: ಹೊಸ ಸೆನ್ಸರ್ ಹಾಕಿದರೂ ಎಣಿಕೆ ತಪ್ಪುವುದೇಕೆ ಎಂದು ತಲೆ ಕೆರೆದುಕೊಂಡವರು ಈ ಲೆಕ್ಕ ಹಾಕಲಿ. ನಿಮಿಷಕ್ಕೆ 60 ಮೀಟರ್ ಓಡುವ ಬೆಲ್ಟ್ ಎಂದರೆ ಸೆಕೆಂಡಿಗೆ ಒಂದು ಮೀಟರ್. ಸೆನ್ಸರ್ 1 ಮಿಲಿಸೆಕೆಂಡಿನಲ್ಲಿ ಸ್ಪಂದಿಸಿದರೆ ಅಷ್ಟರಲ್ಲಿ ಕಾರ್ಟನ್ ಸರಿಯುವುದು 1 ಮಿ.ಮೀ. ಆದರೆ ಸೆನ್ಸರಿನ ಸಂಕೇತ ಓದುವ ನಿಯಂತ್ರಕ, ಅಂದರೆ ಪಿಎಲ್‌ಸಿ, ತನ್ನ ಒಂದು ಸುತ್ತು ಮುಗಿಸಲು 10 ಮಿಲಿಸೆಕೆಂಡ್ ತೆಗೆದುಕೊಂಡರೆ ಕಾರ್ಟನ್ 10 ಮಿ.ಮೀ. ಮುಂದೆ ಹೋಗಿರುತ್ತದೆ. ಎರಡು ಕಾರ್ಟನ್‌ಗಳ ನಡುವೆ 5 ಮಿ.ಮೀ. ಸಂದಿಯಷ್ಟೇ ಇದ್ದರೆ ಸೆನ್ಸರ್ ಕಂಡದ್ದನ್ನು ಪಿಎಲ್‌ಸಿ ಓದದೇ ಇರಬಹುದು. ಎರಡು ಒಂದಾಗಿ ಎಣಿಕೆಗೆ ಬೀಳುತ್ತವೆ. ತಂತಿಯನ್ನು ಹೈಸ್ಪೀಡ್ ಕೌಂಟರ್ ಇನ್‌ಪುಟ್‌ಗೆ ಕೊಡಿ, ಇಲ್ಲವೇ ಸಂದಿ ಹೆಚ್ಚಿಸಿ. ಪಾಪದ ಸೆನ್ಸರನ್ನು ಬೈಯಬೇಡಿ.

ತಪ್ಪು ಕಲ್ಪನೆ: ಕೈ ಅಡ್ಡ ಬಂದರೆ ಪ್ರೆಸ್ ಯಂತ್ರ ನಿಲ್ಲಿಸಲು ಈ ಸೆನ್ಸರೇ ಸಾಕು.
ವಾಸ್ತವ: ಖಂಡಿತ ಸಾಲದು. ಸಾಮಾನ್ಯ ಸೆನ್ಸರ್ ಒಳಗೇ ಕೆಟ್ಟು ‘ಏನೂ ಇಲ್ಲ’ ಎನ್ನುತ್ತ ಕೂತರೆ ಯಂತ್ರಕ್ಕೆ ಗೊತ್ತಾಗುವುದಿಲ್ಲ. ಐಇಸಿ 61496 ಮಾನದಂಡದ ಸೇಫ್ಟಿ ಲೈಟ್ ಕರ್ಟನ್ ತನ್ನನ್ನು ತಾನೇ ಪರೀಕ್ಷಿಸಿಕೊಂಡು, ದೋಷ ಕಂಡರೆ ಯಂತ್ರ ನಿಲ್ಲಿಸುತ್ತದೆ. ಎಣಿಕೆಯ ಸೆನ್ಸರ್ ನಂಬಿ ಪ್ರೆಸ್ಸಿನೊಳಗೆ ಕೈ ಹಾಕಬೇಡಿ. ಹಾಕು ಎಂದು ಸೂಪರ್‌ವೈಸರ್ ಹೇಳಿದರೂ ಒಪ್ಪಬೇಡಿ.