ಗೆರೆ, ತೆರೆ, ತೀರ್ಪು

2020ರ ಅಕ್ಟೋಬರ್ 17, ಶನಿವಾರ. ಇಂಗ್ಲೆಂಡಿನ ಲಿವರ್‌ಪೂಲ್ ನಗರದ ಗುಡಿಸನ್ ಪಾರ್ಕ್ ಮೈದಾನದಲ್ಲಿ ಎವರ್ಟನ್ ಮತ್ತು ಲಿವರ್‌ಪೂಲ್ ತಂಡಗಳ ಪಂದ್ಯ. ಕೋವಿಡ್ ಕಾಲವಾದ್ದರಿಂದ ಪ್ರೇಕ್ಷಕರಿಗೆ ಪ್ರವೇಶವಿರಲಿಲ್ಲ. ಮೂರನೇ ನಿಮಿಷದಲ್ಲೇ ಸಾಡಿಯೊ ಮಾನೆ ಲಿವರ್‌ಪೂಲ್ ಪರ ಗೋಲು ಹೊಡೆದರು. ಅದಾಗಿ ಸ್ವಲ್ಪ ಹೊತ್ತಿಗೆ ಎವರ್ಟನ್ ಗೋಲಿನ ಹತ್ತಿರ ಚೆಂಡಿಗಾಗಿ ನುಗ್ಗಿದ ಲಿವರ್‌ಪೂಲ್‌ನ ಡಿಫೆಂಡರ್ ವರ್ಜಿಲ್ ವ್ಯಾನ್ ಡೈಕ್ ಮೇಲೆ ಗೋಲ್‌ಕೀಪರ್ ಜೋರ್ಡನ್ ಪಿಕ್‌ಫರ್ಡ್ ಕಾಲು ಚಾಚಿಕೊಂಡು ಎರಗಿದರು. ವ್ಯಾನ್ ಡೈಕ್ ಮೊಣಕಾಲು ಹಿಡಿದುಕೊಂಡು ಬಿದ್ದರು. ಸಹಾಯಕ ರೆಫರಿಯ ಬಾವುಟ ಆಫ್‌ಸೈಡ್ ಎಂದಿತು, ಅಂದರೆ ಚೆಂಡು ಒದ್ದ ಕ್ಷಣದಲ್ಲಿ ವ್ಯಾನ್ ಡೈಕ್ ಎದುರಾಳಿಯ ಕೊನೆಯಿಂದ ಎರಡನೇ ಆಟಗಾರನಿಗಿಂತ ಗೋಲಿಗೆ ಹತ್ತಿರವಿದ್ದರು. ಲಂಡನ್ನಿನ ಪಶ್ಚಿಮದಂಚಿನ ಸ್ಟಾಕ್ಲಿ ಪಾರ್ಕ್‌ನಲ್ಲಿ ಪರದೆಗಳ ಮುಂದೆ ಕುಳಿತಿದ್ದ ವಿಡಿಯೊ ರೆಫರಿ ಡೇವಿಡ್ ಕೂಟ್ ಕೂಡ ಆಫ್‌ಸೈಡ್ ಎಂದೇ ಖಚಿತಪಡಿಸಿದರು. ಪೆನಾಲ್ಟಿ ಇಲ್ಲ, ಕಾರ್ಡ್ ಇಲ್ಲ, ಆಟ ಮುಂದುವರಿಯಿತು. ಹನ್ನೊಂದನೇ ನಿಮಿಷದಲ್ಲಿ ವ್ಯಾನ್ ಡೈಕ್ ಹೊರನಡೆದರು. ಮೊಣಕಾಲಿನ ಮುಖ್ಯ ಅಸ್ಥಿರಜ್ಜುವಿಗೆ ಪೆಟ್ಟಾಗಿತ್ತು. ಶಸ್ತ್ರಚಿಕಿತ್ಸೆಯಾಯಿತು, ಆ ಋತುವಿನಲ್ಲಿ ಅವರು ಮತ್ತೆ ಆಡಲೇ ಇಲ್ಲ.

ಒಂದೇ ಊರಿನ ಅಥವಾ ಒಂದೇ ಸೀಮೆಯ ಎರಡು ತಂಡಗಳ ಹಣಾಹಣಿಗೆ ಡರ್ಬಿ ಎನ್ನುತ್ತಾರೆ. ಎವರ್ಟನ್‌ನ ಆಗಿನ ತವರಾದ ಗುಡಿಸನ್‌ಗೂ ಲಿವರ್‌ಪೂಲ್ ತಂಡದ ಆನ್‌ಫೀಲ್ಡ್‌ಗೂ ನಡುವೆ ಇರುವುದು ಸ್ಟ್ಯಾನ್ಲಿ ಪಾರ್ಕ್ ಎಂಬ ಒಂದು ಉದ್ಯಾನ ಅಷ್ಟೆ. ಒಂದೇ ಮನೆಯಲ್ಲಿ ಅಣ್ಣ ಎವರ್ಟನ್‌ನ ನೀಲಿ, ತಮ್ಮ ಲಿವರ್‌ಪೂಲ್‌ನ ಕೆಂಪು ಎಂಬಂಥ ಕುಟುಂಬಗಳು ಆ ಊರಲ್ಲಿ ಬೇಕಾದಷ್ಟಿವೆ. ಹಾಗಿದ್ದೂ ಪ್ರೀಮಿಯರ್ ಲೀಗ್‌ನಲ್ಲಿ ಅತಿ ಹೆಚ್ಚು ಕೆಂಪು ಕಾರ್ಡ್ ಕಂಡ ಜೋಡಿ ಇದೇ. ಇಂಥ ಪಂದ್ಯದಲ್ಲಿ ಒಂದು ತೀರ್ಪಿನ ಬಗ್ಗೆ ಎದ್ದ ಜಗಳ ಪಂದ್ಯದ ಜೊತೆ ಮುಗಿಯುವುದಿಲ್ಲ.

ಪಿಕ್‌ಫರ್ಡ್ ಪ್ರಕರಣದಲ್ಲಿ ಎರಡು ವಾದಗಳು ಜೋರಾಗಿ ಕೇಳಿಬಂದವು. ಮೊದಲೇ ಆಫ್‌ಸೈಡ್ ಆಗಿತ್ತು, ಆಮೇಲೆ ನಡೆದದ್ದು ಲೆಕ್ಕಕ್ಕಿಲ್ಲ ಎನ್ನುವುದು ಒಂದು. ಆಟಗಾರನ ಇಡೀ ಋತುವೇ ಹಾಳಾಯಿತು, ಇದು ಕೆಂಪು ಕಾರ್ಡ್ ಅಲ್ಲದೆ ಇನ್ನೇನು ಎನ್ನುವುದು ಇನ್ನೊಂದು. ನಿಯಮದ ಪ್ರಕಾರ ಎರಡೂ ಸರಿಯಲ್ಲ. ಆಫ್‌ಸೈಡ್ ಆದರೆ ಪೆನಾಲ್ಟಿ ತಪ್ಪುತ್ತದೆ, ನಿಜ. ಆದರೆ ಅಪಾಯಕಾರಿ ಟ್ಯಾಕಲ್‌ಗೆ ಕೊಡುವ ಶಿಕ್ಷೆ ತಪ್ಪುವುದಿಲ್ಲ. ಚೆಂಡು ಆಟದಲ್ಲಿ ಇಲ್ಲದಾಗಲೂ ರೆಫರಿ ಕೆಂಪು ಕಾರ್ಡ್ ತೋರಿಸಬಹುದು. ಇನ್ನು ಗಾಯದ ಮಾತು. ನಿಯಮಪುಸ್ತಕ ಕೇಳುವುದು ಎದುರಾಳಿಯ ಸುರಕ್ಷತೆಗೆ ಅಪಾಯ ತಂದ ಟ್ಯಾಕಲ್ಲೇ, ಮಿತಿಮೀರಿದ ಬಲ ಬಳಸಿದರೇ ಎಂದು. ಗಾಯವಾಯಿತೇ, ಬೇಕೆಂದೇ ಮಾಡಿದರೇ ಎಂದು ಅದು ಕೇಳುವುದಿಲ್ಲ. ವ್ಯಾನ್ ಡೈಕ್ ಎದ್ದು ಧೂಳು ಕೊಡವಿಕೊಂಡು ಓಡಿದ್ದರೂ ಆ ಟ್ಯಾಕಲ್‌ನ ತೂಕ ಅಷ್ಟೇ. ಚೆಂಡು ಸಿಗುವ ಹಾಗಿಲ್ಲದಿದ್ದರೂ ಅಷ್ಟು ವೇಗದಲ್ಲಿ ಎದುರಾಳಿಯ ಕಾಲಿನ ಮೇಲೆ ಎರಗಿದ್ದು ಅಪಾಯವೇ ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಅದು ಕೆಂಪು ಕಾರ್ಡ್.

ಹಾಗಾದರೆ ಮೈದಾನದಲ್ಲಿದ್ದ ರೆಫರಿ ಮೈಕಲ್ ಆಲಿವರ್, ಪರದೆಯ ಮುಂದಿದ್ದ ಕೂಟ್, ಇಬ್ಬರಿಗೂ ಅದು ಯಾಕೆ ತಪ್ಪಿಹೋಯಿತು? ಕೆಲವು ತಿಂಗಳ ನಂತರ ಆಲಿವರ್ ಪತ್ರಿಕೆಯೊಂದಕ್ಕೆ ಇದನ್ನು ವಿವರಿಸಿದರು. ಆಫ್‌ಸೈಡ್ ಹೌದೋ ಅಲ್ಲವೋ, ಹೌದಾದರೆ ಪೆನಾಲ್ಟಿ ಇಲ್ಲ ಎಂದು ಮೆಟ್ಟಿಲು ಮೆಟ್ಟಿಲಾಗಿ ಯೋಚಿಸುತ್ತ ಹೋಗಿ ಟ್ಯಾಕಲ್ಲನ್ನೇ ಬೇರೆಯಾಗಿ ತೂಗಲಿಲ್ಲ. ಆಫ್‌ಸೈಡ್ ಫ್ರೀ ಕಿಕ್ ಕೊಟ್ಟು ಜೊತೆಗೆ ಪಿಕ್‌ಫರ್ಡ್‌ಗೆ ಕೆಂಪು ಕಾರ್ಡನ್ನೂ ತೋರಿಸಬೇಕಿತ್ತು ಎಂದರು. ವಿಡಿಯೊ ಪರಿಶೀಲನೆಯ ಬಗ್ಗೆ ನಾನು ಓದಿದ ವಿವರಣೆಗಳಲ್ಲಿ ಇಷ್ಟು ಬೆಳಕು ಕೊಟ್ಟದ್ದು ಬೇರೊಂದಿಲ್ಲ. ಕ್ಯಾಮೆರಾ ಎಲ್ಲವನ್ನೂ ಸೆರೆಹಿಡಿದಿತ್ತು. ನೋಡುವವರು ಅದಕ್ಕೆ ಹಾಕಿದ ಪ್ರಶ್ನೆ ಮಾತ್ರ ಒಂದೇ.

ಆದ್ದರಿಂದ ಯಾವುದೇ ವಿವಾದದ ತೀರ್ಪನ್ನು ತೂಗುವ ಮೊದಲು ಈ ವ್ಯವಸ್ಥೆಗೆ ಯಾವ ಪ್ರಶ್ನೆ ಕೇಳುವ ಅಧಿಕಾರವಿದೆ ಎಂದು ತಿಳಿದಿರಬೇಕು. ವಿಡಿಯೊ ಸಹಾಯಕ ರೆಫರಿ, ಅಂದರೆ ವಿಎಆರ್, ಫುಟ್‌ಬಾಲ್ ನಿಯಮಗಳೊಳಗೆ ಬಂದದ್ದು 2018ರಲ್ಲಿ. ಆ ವರ್ಷದ ರಷ್ಯಾ ವಿಶ್ವಕಪ್‌ನಲ್ಲಿ ಬಳಕೆಯಾಯಿತು, ಪ್ರೀಮಿಯರ್ ಲೀಗ್‌ಗೆ 2019–20ರ ಋತುವಿನಲ್ಲಿ ಕಾಲಿಟ್ಟಿತು. ಈ ಅಧ್ಯಾಯದ ಪಂದ್ಯಗಳು ನಡೆದ ಕಾಲದ ನಿಯಮದಂತೆ ಅದು ತಲೆಹಾಕಬಹುದಾದದ್ದು ನಾಲ್ಕೇ ವಿಷಯಗಳಲ್ಲಿ: ಗೋಲು, ಪೆನಾಲ್ಟಿ, ನೇರ ಕೆಂಪು ಕಾರ್ಡ್, ಒಬ್ಬರ ಬದಲು ಇನ್ನೊಬ್ಬರಿಗೆ ಕಾರ್ಡ್ ತೋರಿಸಿದ ಪ್ರಮಾದ. ಅಲ್ಲಿಯೂ ರೆಫರಿಯ ತೀರ್ಪು ಸ್ಪಷ್ಟವಾಗಿ, ಎದ್ದುಕಾಣುವಂತೆ ತಪ್ಪಾಗಿರಬೇಕು, ಇಲ್ಲವೆ ಗಂಭೀರವಾದ ಘಟನೆಯೊಂದು ರೆಫರಿಯ ಕಣ್ಣಿಗೇ ಬೀಳದೆ ಹೋಗಿರಬೇಕು. ಕ್ರಿಕೆಟ್ ನೋಡುವವರಿಗೆ 'ಅಂಪೈರ್ಸ್ ಕಾಲ್' ಗೊತ್ತು. ಚೆಂಡು ಸ್ಟಂಪಿಗೆ ಅರೆಬರೆ ತಾಗುವಂತಿದ್ದರೆ ಅಂಪೈರ್ ಮೊದಲು ಹೇಳಿದ್ದೇ ಉಳಿಯುತ್ತದೆ. ಫುಟ್‌ಬಾಲ್‌ನ ಈ 'ಸ್ಪಷ್ಟ ತಪ್ಪು' ಎಂಬ ಹೊಸ್ತಿಲೂ ಅದೇ ಕೆಲಸ ಮಾಡುತ್ತದೆ, ಆದರೆ ಇಲ್ಲಿ ಅದನ್ನು ಅಳೆದು ತೋರಿಸುವ ಯಂತ್ರವಿಲ್ಲ.

ಆಫ್‌ಸೈಡ್ ಗೆರೆಗೆ ಮಾತ್ರ ಈ ಹೊಸ್ತಿಲಿಲ್ಲ. ಅದು ಅಳತೆಯ ವಿಷಯ, ಒಂದು ಬೆರಳಷ್ಟು ಮುಂದಿದ್ದರೂ ಆಫ್‌ಸೈಡ್. ಅದೇ ಗುಡಿಸನ್ ಪಂದ್ಯ 2–2 ಆಗಿದ್ದಾಗ ಹೆಚ್ಚುವರಿ ಸಮಯದಲ್ಲಿ ಜೋರ್ಡನ್ ಹೆಂಡರ್ಸನ್ ಹೊಡೆದ ಗೋಲನ್ನು ವಿಎಆರ್ ರದ್ದುಮಾಡಿತು. ಗೋಲಿಗೆ ದಾರಿಮಾಡಿದ ಮಾನೆ ಕೂದಲೆಳೆಯಷ್ಟು ಮುಂದಿದ್ದರಂತೆ. ಗೋಲು ಹೊಡೆಯಲು ಬಳಸಬಹುದಾದ ಅಂಗ ಮಾತ್ರ ಆಫ್‌ಸೈಡ್ ಲೆಕ್ಕಕ್ಕೆ ಬರುತ್ತದೆ. ತೋಳು ಬರುವುದಿಲ್ಲ, ಭುಜ ಬರುತ್ತದೆ. ಭುಜ ಮುಗಿದು ತೋಳು ಶುರುವಾಗುವುದು ಕಂಕುಳಿನ ಕೆಳತುದಿಯ ಮಟ್ಟದಲ್ಲಿ. ಅಂಗಿ ತೊಟ್ಟು ಓಡುತ್ತಿರುವ ಮನುಷ್ಯನ ಮೇಲೆ ಆ ಬಿಂದುವನ್ನು ಗುರುತಿಸಬೇಕಾದವರು ಪರದೆಯ ಮುಂದೆ ಕೂತ ಇನ್ನೊಬ್ಬ ಮನುಷ್ಯ.

ಇಲ್ಲಿ ಸ್ವಲ್ಪ ಲೆಕ್ಕ ಹಾಕೋಣ. ಆಗ ಬಳಸುತ್ತಿದ್ದ ಪ್ರಸಾರ ಕ್ಯಾಮೆರಾಗಳು ಸೆಕೆಂಡಿಗೆ 50 ಚಿತ್ರ ತೆಗೆಯುತ್ತಿದ್ದವು. ಒಂದು ಚಿತ್ರಕ್ಕೂ ಮುಂದಿನದಕ್ಕೂ ಸೆಕೆಂಡಿನ ಐವತ್ತನೇ ಒಂದು ಭಾಗದ ಅಂತರ. ಸೆಕೆಂಡಿಗೆ 8 ಮೀಟರ್ ವೇಗದಲ್ಲಿ ಓಡುವ ಆಟಗಾರ ಅಷ್ಟರಲ್ಲಿ 16 ಸೆಂಟಿಮೀಟರ್ ಮುಂದೆ ಹೋಗಿರುತ್ತಾನೆ. ಡಿಫೆಂಡರ್ ಎದುರು ದಿಕ್ಕಿಗೆ ಓಡುತ್ತಿದ್ದರೆ ಅಂತರ ಇನ್ನೂ ಹಿಗ್ಗುತ್ತದೆ. ಚೆಂಡು ಪಾಸ್ ಕೊಟ್ಟವನ ಕಾಲಿಗೆ ತಾಗಿದ ಕ್ಷಣ ಯಾವ ಚಿತ್ರದಲ್ಲಿದೆ ಎಂಬುದೂ ಊಹೆಯೇ. ಹೀಗಿರುವಾಗ ಒಂದೆರಡು ಸೆಂಟಿಮೀಟರ್ ಅಂತರದ ಗೆರೆಯನ್ನು ಸತ್ಯವೆಂದು ಪ್ರದರ್ಶಿಸುವುದು ಅಳತೆಗೋಲಿನ ಶಕ್ತಿಗೆ ಮೀರಿದ ಮಾತು. ಪ್ರೀಮಿಯರ್ ಲೀಗ್ ಮುಂದಿನ ಋತುವಿನಿಂದ ಗೆರೆಗಳನ್ನು ದಪ್ಪಗೊಳಿಸಿ, ಎರಡೂ ಗೆರೆ ಒಂದರ ಮೇಲೊಂದು ಬಿದ್ದರೆ ಆಫ್‌ಸೈಡ್ ಅಲ್ಲ ಎಂದು ಸಡಿಲಿಸಿತು. 2022ರ ಕತಾರ್ ವಿಶ್ವಕಪ್‌ನಲ್ಲಿ ಚೆಂಡಿನೊಳಗೇ ಸೆಕೆಂಡಿಗೆ 500 ಸಲ ಮಾಹಿತಿ ಕಳಿಸುವ ಸಂವೇದಕ ಇಟ್ಟು, 12 ಕ್ಯಾಮೆರಾಗಳಿಂದ ಪ್ರತಿ ಆಟಗಾರನ ಮೈಮೇಲಿನ 29 ಬಿಂದುಗಳನ್ನು ಹಿಂಬಾಲಿಸಿದರು. ಅಂಥದೇ ಅರೆ ಸ್ವಯಂಚಾಲಿತ ವಿಧಾನ ಪ್ರೀಮಿಯರ್ ಲೀಗ್‌ಗೆ 2025ರ ಏಪ್ರಿಲ್‌ನಲ್ಲಿ ಬಂತು. ಅಳತೆ ಹೀಗೆ ಸುಧಾರಿಸುತ್ತ ಹೋಗುತ್ತದೆ. ಅಳತೆಗೆ ಸಿಗದ ಆಫ್‌ಸೈಡ್ ಕೂಡ ಒಂದಿದೆ.

2023ರ ಜನವರಿ 14ರ ಮ್ಯಾಂಚೆಸ್ಟರ್ ಡರ್ಬಿ, ಓಲ್ಡ್ ಟ್ರಾಫರ್ಡ್. ಮ್ಯಾಂಚೆಸ್ಟರ್ ಸಿಟಿ ಒಂದು ಗೋಲಿನಿಂದ ಮುಂದಿತ್ತು. 78ನೇ ನಿಮಿಷದಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್‌ನ ಕ್ಯಾಸೆಮಿರೊ ಮುಂದಕ್ಕೆ ಚೆಂಡು ಕೊಟ್ಟಾಗ ಮಾರ್ಕಸ್ ರ‍್ಯಾಶ್‌ಫರ್ಡ್ ಢಾಳಾಗಿ ಆಫ್‌ಸೈಡ್ ಸ್ಥಾನದಲ್ಲಿದ್ದರು. ಅವರು ಚೆಂಡಿನ ಜೊತೆಜೊತೆಗೇ ಓಡಿದರು, ಕಾಲು ಮಾತ್ರ ತಾಗಿಸಲಿಲ್ಲ. ಹಿಂದಿನಿಂದ ಓಡಿಬಂದ ಬ್ರೂನೊ ಫರ್ನಾಂಡಿಸ್ ಹೊಡೆದು ಗೋಲು ಮಾಡಿದರು. ಸಹಾಯಕ ರೆಫರಿ ಡ್ಯಾರೆನ್ ಕ್ಯಾನ್ ಬಾವುಟ ಎತ್ತಿದರು. ರೆಫರಿ ಸ್ಟುವರ್ಟ್ ಅಟ್‌ವೆಲ್ ಅವರ ಬಳಿ ಹೋಗಿ ಮಾತಾಡಿ ಗೋಲು ಕೊಟ್ಟರು, ವಿಎಆರ್ ಅದನ್ನು ಬದಲಿಸಲಿಲ್ಲ. ನಾಲ್ಕೇ ನಿಮಿಷದಲ್ಲಿ ರ‍್ಯಾಶ್‌ಫರ್ಡ್ ಇನ್ನೊಂದು ಗೋಲು ಹೊಡೆದು ಯುನೈಟೆಡ್ 2–1ರಿಂದ ಗೆದ್ದಿತು.

ಆಫ್‌ಸೈಡ್ ಸ್ಥಾನದಲ್ಲಿ ನಿಲ್ಲುವುದು ಅಪರಾಧವಲ್ಲ. ಚೆಂಡನ್ನು ಮುಟ್ಟಬೇಕು, ಇಲ್ಲವೆ ಎದುರಾಳಿಗೆ ಅಡ್ಡಿಯಾಗಬೇಕು. ಅಡ್ಡಿ ಎಂದರೆ ಏನೆಂದು ನಿಯಮ ವಿವರಿಸುತ್ತದೆ: ಎದುರಾಳಿಯ ನೋಟಕ್ಕೆ ಅಡ್ಡ ನಿಲ್ಲುವುದು, ಚೆಂಡಿಗಾಗಿ ಅವನೊಡನೆ ಸೆಣಸುವುದು, ಹತ್ತಿರದ ಚೆಂಡನ್ನು ಆಡಲು ಸ್ಪಷ್ಟವಾಗಿ ಯತ್ನಿಸಿ ಅವನ ಮೇಲೆ ಪರಿಣಾಮ ಬೀರುವುದು, ಅವನು ಚೆಂಡು ಆಡುವುದಕ್ಕೆ ತೊಡಕಾಗುವಂಥ ಎದ್ದುಕಾಣುವ ಚಲನೆ ಮಾಡುವುದು. ರ‍್ಯಾಶ್‌ಫರ್ಡ್ ಯಾರನ್ನೂ ತಡೆಯಲಿಲ್ಲ, ಯಾರ ಕಣ್ಣಿಗೂ ಅಡ್ಡ ಬರಲಿಲ್ಲ ಎಂದು ಗೋಲು ಕೊಟ್ಟವರ ಪರ ವಾದ. ಅದರಲ್ಲಿ ಹುರುಳಿದೆ. ಆದರೂ ಆ ತೀರ್ಪು ತಪ್ಪೆಂದೇ ನನ್ನ ಅಭಿಪ್ರಾಯ. ಗೋಲ್‌ಕೀಪರ್ ಎಡರ್ಸನ್ ಎಲ್ಲಿ ನಿಲ್ಲಬೇಕೆಂದು ನಿರ್ಧರಿಸಿದ್ದು ರ‍್ಯಾಶ್‌ಫರ್ಡ್ ಕಾಲನ್ನು ನೋಡಿ. ಬೆನ್ನಟ್ಟಿ ಬಂದ ಸಿಟಿ ಡಿಫೆಂಡರ್‌ಗಳು ಓಡಿದ್ದೂ ಅವರನ್ನೇ ಲೆಕ್ಕಕ್ಕಿಟ್ಟುಕೊಂಡು. ಅಷ್ಟು ದೂರ ಚೆಂಡನ್ನು ಕಾವಲು ಕಾದಂತೆ ಓಡಿದ್ದು ಎದ್ದುಕಾಣುವ ಚಲನೆಯಲ್ಲದಿದ್ದರೆ ಆ ಮಾತಿಗೆ ಅರ್ಥವೇ ಉಳಿಯುವುದಿಲ್ಲ.

ಇಷ್ಟು ಹೇಳಿದ ಮೇಲೂ ವಿಎಆರ್ ಸುಮ್ಮನಿದ್ದದ್ದನ್ನು ನಾನು ತಪ್ಪೆನ್ನಲಾರೆ. ತೀರ್ಪು ತಪ್ಪೇ ಎಂಬುದು ಒಂದು ಪ್ರಶ್ನೆ, ಅದನ್ನು ಬದಲಿಸುವಷ್ಟು ಸ್ಪಷ್ಟವಾದ ತಪ್ಪೇ ಎಂಬುದು ಬೇರೆಯೇ ಪ್ರಶ್ನೆ. ನಿಯಮ ಬಲ್ಲವರೇ ಎರಡು ಪಂಗಡವಾಗುವ ಕಡೆ ಎರಡನೆಯದಕ್ಕೆ ಉತ್ತರ 'ಅಲ್ಲ' ಎಂದೇ ಬರುತ್ತದೆ. ಪಿಕ್‌ಫರ್ಡ್ ಪ್ರಕರಣದಲ್ಲಿ ಎರಡಕ್ಕೂ ಉತ್ತರ ಒಂದೇ ಆಗಿತ್ತು. 2025ರ ಏಪ್ರಿಲ್ 2ರಂದು ಆನ್‌ಫೀಲ್ಡ್‌ನಲ್ಲಿ ಎವರ್ಟನ್‌ನ ಜೇಮ್ಸ್ ಟಾರ್ಕೊವ್ಸ್ಕಿ ಚೆಂಡು ಹೊಡೆದ ಭರದಲ್ಲೇ ಲಿವರ್‌ಪೂಲ್‌ನ ಮ್ಯಾಕ್ ಆಲಿಸ್ಟರ್ ಕಾಲಿಗೆ ಅಪ್ಪಳಿಸಿದಾಗಲೂ ಹಾಗೆಯೇ. ಹಳದಿ ಕಾರ್ಡ್ ಬಂತು, ವಿಎಆರ್ ಮಾತಾಡಲಿಲ್ಲ, ಅದು ಕೆಂಪು ಕಾರ್ಡ್ ಆಗಬೇಕಿತ್ತೆಂದು ರೆಫರಿಗಳ ಸಂಸ್ಥೆಯೇ ನಂತರ ಒಪ್ಪಿಕೊಂಡಿತು. ಮೊದಲು ಚೆಂಡು ಸಿಕ್ಕಿತೆಂಬುದು ಅಪಾಯಕಾರಿ ಟ್ಯಾಕಲ್‌ಗೆ ರಕ್ಷಣೆಯಲ್ಲ.

ಟ್ಯಾಕಲ್ ನೋಡುವಾಗ ವೇಗದ ಬಗ್ಗೆ ಎಚ್ಚರ ಬೇಕು. ನಿಧಾನಗತಿಯಲ್ಲಿ ನೋಡಿದರೆ ಎಲ್ಲ ಟ್ಯಾಕಲ್ಲೂ ಯೋಚಿಸಿ ಮಾಡಿದಂತೆ ಕಾಣುತ್ತದೆ. ಅನುಭವಿ ರೆಫರಿಗಳೂ ನಿಧಾನಗತಿಯ ದೃಶ್ಯ ನೋಡಿದಾಗ ಹೆಚ್ಚು ಕಠಿಣ ಶಿಕ್ಷೆಯತ್ತ ವಾಲುತ್ತಾರೆಂದು ಬೆಲ್ಜಿಯಂನ ಸಂಶೋಧಕರು 2018ರಲ್ಲಿ ಪ್ರಕಟಿಸಿದರು. ಕಾಲು ಎಲ್ಲಿ ತಾಗಿತು ಎಂದು ತಿಳಿಯಲು ನಿಧಾನಗತಿ, ಎಷ್ಟು ಬಿರುಸಾಗಿ ತಾಗಿತು ಎಂದು ತಿಳಿಯಲು ಸಹಜ ವೇಗ ಎಂದು ವಿಎಆರ್ ವಿಧಿಗಳೇ ಹೇಳುತ್ತವೆ. ಟಿವಿಯವರು ತೋರಿಸುವುದು ಹೆಚ್ಚಾಗಿ ಮೊದಲನೆಯದನ್ನೇ.

ಅದಕ್ಕಿಂತ ದೊಡ್ಡ ತೊಡಕು ನಮ್ಮ ಕಣ್ಣಿನದು. 1951ರಲ್ಲಿ ಅಮೆರಿಕದ ಡಾರ್ಟ್‌ಮತ್ ಮತ್ತು ಪ್ರಿನ್ಸ್‌ಟನ್ ಕಾಲೇಜುಗಳ ನಡುವೆ ಅಮೆರಿಕನ್ ಫುಟ್‌ಬಾಲ್ ಪಂದ್ಯವೊಂದು ಜಗಳದಲ್ಲೇ ನಡೆಯಿತು. ಹ್ಯಾಸ್ಟೋರ್ಫ್, ಕ್ಯಾಂಟ್ರಿಲ್ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು ಒಂದೇ ಚಿತ್ರಸುರುಳಿಯನ್ನು ಎರಡೂ ಕಾಲೇಜಿನ ವಿದ್ಯಾರ್ಥಿಗಳಿಗೆ ತೋರಿಸಿ, ಕಂಡ ತಪ್ಪುಗಳನ್ನು ಬರೆಯಿರಿ ಎಂದರು. ಡಾರ್ಟ್‌ಮತ್ ಆಟಗಾರರು ಮಾಡಿದ ತಪ್ಪುಗಳು ಪ್ರಿನ್ಸ್‌ಟನ್ ವಿದ್ಯಾರ್ಥಿಗಳಿಗೆ ಕಂಡಷ್ಟರಲ್ಲಿ ಅರ್ಧವೂ ಡಾರ್ಟ್‌ಮತ್ ವಿದ್ಯಾರ್ಥಿಗಳಿಗೆ ಕಾಣಲಿಲ್ಲ. ಇವರು ಸುಳ್ಳು ಹೇಳುತ್ತಿರಲಿಲ್ಲ, ಕಂಡದ್ದನ್ನೇ ಬರೆದಿದ್ದರು. ಡರ್ಬಿಯ ಮರುದಿನ ಎರಡೂ ಕಡೆಯ ಅಭಿಮಾನಿಗಳು ಒಂದೇ ತುಣುಕನ್ನು ಸಾಕ್ಷಿಯಾಗಿ ತೋರಿಸುವುದು ಇದಕ್ಕೇ. ಇಂಗ್ಲೆಂಡಿನಲ್ಲಿ ವಿಎಆರ್ ಪರಿಶೀಲನೆಯ ನಂತರ ರೆಫರಿ ಮೈಕ್ ಹಿಡಿದು ಕ್ರೀಡಾಂಗಣಕ್ಕೆಲ್ಲ ತೀರ್ಪಿನ ಕಾರಣ ಹೇಳುವ ಪದ್ಧತಿ 2025ರ ಜನವರಿಯಲ್ಲಿ ಶುರುವಾಯಿತು. ಮೊದಲು ಹೇಳಿದವರು ಅದೇ ಅಟ್‌ವೆಲ್. ನೋಡುಗರು ಒಪ್ಪಲಿ ಬಿಡಲಿ, ಯಾವ ಪ್ರಶ್ನೆಗೆ ಉತ್ತರ ಸಿಕ್ಕಿತು ಎಂದಾದರೂ ಅವರಿಗೆ ತಿಳಿಯುತ್ತದೆ. ಇದು ಬಹಳ ಹಿಂದೆಯೇ ಆಗಬೇಕಿತ್ತು.

ಇನ್ನು ನಮ್ಮ ಬೆಂಗಳೂರು. 2023ರ ಮಾರ್ಚ್ 3ರಂದು ಕಂಠೀರವ ಕ್ರೀಡಾಂಗಣದಲ್ಲಿ ಬೆಂಗಳೂರು ಎಫ್‌ಸಿ ಮತ್ತು ಕೇರಳ ಬ್ಲಾಸ್ಟರ್ಸ್ ನಡುವೆ ಇಂಡಿಯನ್ ಸೂಪರ್ ಲೀಗ್, ಅಂದರೆ ಐಎಸ್‌ಎಲ್, ನಾಕೌಟ್ ಪಂದ್ಯ. ಅಭಿಮಾನಿಗಳು ಇದನ್ನು ದಕ್ಷಿಣದ ಡರ್ಬಿ ಎನ್ನುತ್ತಾರೆ. ನಿಗದಿತ ಸಮಯದಲ್ಲಿ ಗೋಲಿಲ್ಲ. ಅಧಿಕ ಅವಧಿಯಲ್ಲಿ ಬೆಂಗಳೂರಿಗೆ ಫ್ರೀ ಕಿಕ್ ಸಿಕ್ಕಿತು. ಕೇರಳದ ಗೋಲ್‌ಕೀಪರ್ ಆಟಗಾರರ ಗೋಡೆ ನಿಲ್ಲಿಸುತ್ತಿದ್ದಾಗಲೇ ಸುನಿಲ್ ಚೆಟ್ರಿ ಚೆಂಡನ್ನು ಖಾಲಿ ಗೋಲಿಗೆ ಕಳಿಸಿದರು. ರೆಫರಿ ಕ್ರಿಸ್ಟಲ್ ಜಾನ್ ಗೋಲು ಕೊಟ್ಟರು. ಕೇರಳದ ಕೋಚ್ ಇವಾನ್ ವುಕೊಮನೊವಿಚ್ ತಮ್ಮ ತಂಡವನ್ನು ಮೈದಾನದಿಂದ ಕರೆದುಕೊಂಡು ಹೋದರು, ತಂಡ ವಾಪಸು ಬರಲಿಲ್ಲ, ಬೆಂಗಳೂರು ಗೆದ್ದಿತೆಂದು ಘೋಷಣೆಯಾಯಿತು. ಮುಂದೆ ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ ಕೇರಳ ಕ್ಲಬ್‌ಗೆ 4 ಕೋಟಿ ರೂಪಾಯಿ ದಂಡ, ಕೋಚ್‌ಗೆ 10 ಪಂದ್ಯಗಳ ನಿಷೇಧ ವಿಧಿಸಿತು.

ಐಎಸ್‌ಎಲ್‌ನಲ್ಲಿ ವಿಎಆರ್ ಇರಲಿಲ್ಲ, ಇದ್ದಿದ್ದರೆ ಈ ಗಲಾಟೆಯೇ ಆಗುತ್ತಿರಲಿಲ್ಲ ಎಂದು ಆ ವಾರವೆಲ್ಲ ಕೇಳಿಬಂತು. ನಾನು ಒಪ್ಪುವುದಿಲ್ಲ. ತಪ್ಪಿಗೆ ಒಳಗಾದ ತಂಡ ಸೀಟಿಗಾಗಿ ಕಾಯದೆ ಫ್ರೀ ಕಿಕ್ ಹೊಡೆಯಬಹುದು. ಎದುರಾಳಿ ಗೋಡೆ ಕಟ್ಟಿ ಮುಗಿಸುವವರೆಗೆ ಕಾಯಬೇಕೆಂದು ಯಾವ ನಿಯಮವೂ ಹೇಳುವುದಿಲ್ಲ. ಗೋಡೆಯನ್ನು ಹಿಂದೆ ಸರಿಸುತ್ತೇನೆ, ಸೀಟಿಯವರೆಗೆ ತಡೆ ಎಂದು ರೆಫರಿ ಸೂಚಿಸಿದ್ದರೆ ಮಾತ್ರ ಕಾಯಬೇಕು. ಸೀಟಿ ಬೇಡ, ಗೋಡೆಯೂ ಬೇಡ ಎಂದು ರೆಫರಿಗೆ ಹೇಳಿದ್ದೆ ಎಂದು ಚೆಟ್ರಿ ಪಂದ್ಯದ ನಂತರ ತಿಳಿಸಿದರು. ಅಂದರೆ ಇಡೀ ವಿವಾದ ನಿಂತಿದ್ದದ್ದು ರೆಫರಿ ಮತ್ತು ಚೆಟ್ರಿ ನಡುವಿನ ಆ ಒಂದೆರಡು ಸೆಕೆಂಡಿನ ಮಾತು, ಸನ್ನೆಯ ಮೇಲೆ. ಫ್ರೀ ಕಿಕ್ ಹೇಗೆ ಶುರುವಾಯಿತು ಎಂಬುದು ವಿಎಆರ್‌ನ ನಾಲ್ಕು ವಿಷಯಗಳೊಳಗೆ ನೇರವಾಗಿ ಬರುವುದಿಲ್ಲ, ತಡೆ ಎಂದೆನೋ ಇಲ್ಲವೋ ಎಂಬುದಕ್ಕೆ ರೆಫರಿಯೇ ಪ್ರಮಾಣ. ಕ್ರೀಡಾಂಗಣದ ಪಶ್ಚಿಮ ದಿಕ್ಕಿನಲ್ಲಿ ಕೂರುವ ಬೆಂಗಳೂರಿನ ಅಭಿಮಾನಿ ಬಳಗ ವೆಸ್ಟ್ ಬ್ಲಾಕ್ ಬ್ಲೂಸ್‌ನವರಿಗೂ ಕೇರಳದ ಅಭಿಮಾನಿ ಬಳಗ ಮಂಜಪ್ಪಡದವರಿಗೂ ಅಂದು ಬೇಕಾಗಿದ್ದದ್ದು ಇನ್ನೊಂದು ಕ್ಯಾಮೆರಾ ಅಲ್ಲ. ಫ್ರೀ ಕಿಕ್ ಕೊಟ್ಟ ಕೂಡಲೇ ಸೀಟಿ ಎತ್ತಿ ತೋರಿಸುವುದೋ, ಆಡು ಎಂದು ಕೈಬೀಸುವುದೋ, ಎಲ್ಲರಿಗೂ ಕಾಣುವ ರೆಫರಿಯ ಒಂದು ಸನ್ನೆ.